ಹೈವ್‌ನಲ್ಲಿ ಸ್ಪ್ಯಾಮ್‌ಗೆ ಸೇರುವ ಸಂಭಾವನೆಯನ್ನು ತಡೆಯುವ ಬಗೆ

ಹೈವ್ ಎಂಬ ಬ್ಲಾಗಿಂಗ್ ಜಾಲದಲ್ಲಿ ಓದುಗರು ಹಾಕುವ ಮತವೇ ಬರೆದವರ ಸಂಭಾವನೆಯಾಗುತ್ತದೆ. 2016ರಲ್ಲಿ ಆರಂಭವಾದ ಸ್ಟೀಮ್ ಬ್ಲಾಕ್‌ಚೈನ್‌ನಿಂದ (ಹಲವು ಕಂಪ್ಯೂಟರ್‌ಗಳಲ್ಲಿ ಹಂಚಿಕೊಂಡ ಬಹಿರಂಗ ಲೆಕ್ಕಪುಸ್ತಕದಿಂದ) 2020ರ ಮಾರ್ಚ್‌ನಲ್ಲಿ ಕವಲೊಡೆದ ಈ ಜಾಲದಲ್ಲಿ, ಹೊಸದಾಗಿ ಹುಟ್ಟುವ ನಾಣ್ಯಗಳ ಒಂದು ಪಾಲು ಎಲ್ಲರಿಗೂ ಸೇರಿದ ನಿಧಿಗೆ ಹೋಗಿ, ಅಲ್ಲಿಂದ ಮತಗಳ ತೂಕಕ್ಕೆ ತಕ್ಕಂತೆ ಹಂಚಿಕೆಯಾಗುತ್ತದೆ. ಹೀಗಾಗಿ ಕದ್ದ ಲೇಖನವೊಂದು ಗಳಿಸುವ ಹಣವು ಸ್ವಂತ ಶ್ರಮದಿಂದ ಬರೆದ ಇತರರ ಪಾಲಿನಿಂದಲೇ ಹೋಗುತ್ತದೆ.

ಮೊದಲು ಗಮನಿಸಬೇಕಾದದ್ದು ಕಾಲಾವಧಿ. ಲೇಖನವಾಗಲಿ ಪ್ರತಿಕ್ರಿಯೆಯಾಗಲಿ, ಪ್ರಕಟವಾದ 7 ದಿನಗಳ ನಂತರ ಅದರ ಸಂಭಾವನೆ ಪಾವತಿಯಾಗುತ್ತದೆ. ಆಮೇಲೆ ಅದನ್ನು ಹಿಂಪಡೆಯುವ ದಾರಿಯಿಲ್ಲ. ಕಮ್ಯುನಿಟಿಯ (ಒಂದೇ ಆಸಕ್ತಿಯವರ ಗುಂಪಿನ) ಮಾಡರೇಟರ್ ಒಂದು ಬರಹವನ್ನು ಮ್ಯೂಟ್ ಮಾಡಿದರೆ ಅದು ಆ ಕಮ್ಯುನಿಟಿಯ ಪುಟದಲ್ಲಿ ಮರೆಯಾಗುತ್ತದೆಯೇ ಹೊರತು ಅದಕ್ಕೆ ಬರುವ ಹಣ ನಿಲ್ಲುವುದಿಲ್ಲ. ಹಣವನ್ನು ತಡೆಯುವುದು ಡೌನ್‌ವೋಟ್, ಅಂದರೆ ವಿರುದ್ಧ ಮತ, ಮಾತ್ರ; ಅದು ಕಡಿತಗೊಳಿಸಿದ ಮೊತ್ತ ಉಳಿದ ಬರಹಗಳಿಗೆ ಹಂಚಿಕೆಯಾಗುತ್ತದೆ.

ಆದರೆ ಡೌನ್‌ವೋಟ್ ಹಾಕುವ ಮೊದಲು ಪರಿಶೀಲನೆ ಆಗಲೇಬೇಕು. ಅನುಮಾನ ಬಂದ ಲೇಖನದಿಂದ ಒಂದು ವಿಶಿಷ್ಟ ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಗೂಗಲ್‌ನಲ್ಲಿ ಹುಡುಕಿ. ಇಂಗ್ಲಿಷ್ ಲೇಖನವನ್ನು ಯಂತ್ರಾನುವಾದ ಮಾಡಿ ಕನ್ನಡದಲ್ಲಿ ಹಾಕಿದ್ದರೆ ಈ ಉಪಾಯ ಫಲಿಸುವುದಿಲ್ಲ. ಆಗ ಲೇಖನದಲ್ಲಿರುವ ಹೆಸರುಗಳನ್ನೂ ಅಂಕಿಗಳನ್ನೂ ಇಂಗ್ಲಿಷಿನಲ್ಲಿ ಹುಡುಕುವುದು, ಜೊತೆಗಿರುವ ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಕೊಟ್ಟು ನೋಡುವುದು ಹೆಚ್ಚು ಪ್ರಯೋಜನಕಾರಿ. ಪ್ರತಿಕ್ರಿಯೆಯ ವಿಷಯದಲ್ಲಿ, ಆ ಖಾತೆಯ ಹಿಂದಿನ ಪ್ರತಿಕ್ರಿಯೆಗಳನ್ನು ಓದದೆ ತೀರ್ಮಾನಕ್ಕೆ ಬರಬಾರದು. ಒಂದೇ ಸಾಲನ್ನು ನಿಮಿಷಕ್ಕೊಂದರಂತೆ ಹತ್ತಾರು ಲೇಖನಗಳ ಕೆಳಗೆ ಅಂಟಿಸಿದ್ದರೆ ಅದು ಸ್ಪ್ಯಾಮ್. ಹೊಸಬರೊಬ್ಬರು ಸಂಕೋಚದಿಂದ ‘ಚೆನ್ನಾಗಿದೆ’ ಎಂದಷ್ಟೇ ಬರೆದಿದ್ದರೆ ಅದು ಸ್ಪ್ಯಾಮ್ ಅಲ್ಲ, ಮತ್ತು ಇಂಥವರನ್ನು ಶಿಕ್ಷಿಸಿ ಓಡಿಸುವುದು ನಾನು ಕಂಡಂತೆ ಸ್ಪ್ಯಾಮ್‌ಗಿಂತಲೂ ದೊಡ್ಡ ನಷ್ಟ.

ಒಬ್ಬರೇ ಹಲವು ಖಾತೆ ತೆರೆದು ಪರಸ್ಪರ ಮತ ಹಾಕಿಕೊಳ್ಳುವುದನ್ನು ಪತ್ತೆ ಮಾಡಲು ಇನ್ನಷ್ಟು ತಾಳ್ಮೆ ಬೇಕು. ಹೈವ್‌ನಲ್ಲಿ ಪ್ರತಿಯೊಂದು ಖಾತೆಯ ಹಣ ವರ್ಗಾವಣೆಯೂ ಬಹಿರಂಗವಾಗಿರುವುದರಿಂದ, ಬ್ಲಾಕ್ ಎಕ್ಸ್‌ಪ್ಲೋರರ್‌ನಲ್ಲಿ (ಬ್ಲಾಕ್‌ಚೈನ್‌ನ ದಾಖಲೆಗಳನ್ನು ತೋರಿಸುವ ಜಾಲತಾಣದಲ್ಲಿ) ಆ ಖಾತೆಗಳ ವ್ಯಾಲೆಟ್ ತೆರೆದು, ಗಳಿಕೆಯೆಲ್ಲ ಮತ್ತೆ ಮತ್ತೆ ಒಂದೇ ಖಾತೆಗೆ ಹೋಗಿ ಸೇರುತ್ತಿದೆಯೇ ಎಂದು ನೋಡಬಹುದು. ಇಂಥ ಜಾಲ ಕಂಡಾಗ ಒಬ್ಬರೇ ಎದುರಿಸಲು ಹೋಗದೆ, ಕೊಂಡಿಗಳ ಸಮೇತ, ನಕಲು ಮತ್ತು ಸ್ಪ್ಯಾಮ್ ಪತ್ತೆ ಮಾಡುವ ಹೈವ್‌ವಾಚರ್ಸ್ ತಂಡಕ್ಕೆ ವರದಿ ಮಾಡುವುದು ಒಳ್ಳೆಯದು. ಏಕೆಂದರೆ ಕಡಿಮೆ ನಾಣ್ಯ ಕೂಡಿಟ್ಟ ಸಣ್ಣ ಖಾತೆಯ ಡೌನ್‌ವೋಟ್‌ಗೆ ತೂಕ ಕಡಿಮೆ, ಸೇಡಿನ ಡೌನ್‌ವೋಟ್ ಬೀಳುವ ಸಾಧ್ಯತೆಯೂ ಇದೆ.

2019ರಲ್ಲಿ ಬಂದ ಬದಲಾವಣೆಯಿಂದ ಡೌನ್‌ವೋಟ್‌ಗೆ ಪ್ರತ್ಯೇಕ ಶಕ್ತಿ (ಮತ ಹಾಕಿದಷ್ಟೂ ಖರ್ಚಾಗುವ ಬಲ) ಮೀಸಲಾಗಿದೆ. ಅದು ಅಪ್‌ವೋಟ್ (ಪರ ಮತ) ಶಕ್ತಿಯ ಶೇ. 25ರಷ್ಟಿದ್ದು, ಖಾಲಿಯಾದರೆ 5 ದಿನಗಳಲ್ಲಿ ಮತ್ತೆ ತುಂಬುತ್ತದೆ. ಈ ಮಿತಿಯೊಳಗೆ ಹಾಕಿದ ಡೌನ್‌ವೋಟ್‌ನಿಂದ ನಿಮ್ಮ ಅಪ್‌ವೋಟ್ ಶಕ್ತಿ ಕಡಿಮೆಯಾಗುವುದಿಲ್ಲ. ಡೌನ್‌ವೋಟ್ ಹಾಕಿದ ಮೇಲೆ ಕಾರಣವನ್ನು ಎರಡು ಸಾಲಿನಲ್ಲಿ, ಮೂಲ ಲೇಖನದ ಕೊಂಡಿಯೊಡನೆ, ಸೌಜನ್ಯದಿಂದ ಬರೆಯಿರಿ. ಆ ಪ್ರತಿಕ್ರಿಯೆಗೆ ಸಂಭಾವನೆ ಬೇಡವೆಂದು ಆಯ್ಕೆ ಮಾಡಿಕೊಂಡರೆ ನಿಮ್ಮ ಉದ್ದೇಶದ ಬಗ್ಗೆ ಯಾರಿಗೂ ಅನುಮಾನ ಬಾರದು.

ಬಹುಮಾನ ಬಂದಿದೆ ಎನ್ನುವ ಕೊಂಡಿಗಳನ್ನು ಮಾತ್ರ ತೆರೆಯಲೇಬೇಡಿ. ಹೈವ್ ಖಾತೆಗೆ ಗುಪ್ತಪದದಂಥ ಹಲವು ಕೀಗಳಿರುತ್ತವೆ; ಬರೆಯಲು ಮತ್ತು ಮತ ಹಾಕಲು ಪೋಸ್ಟಿಂಗ್ ಕೀ ಸಾಕು. ಬರಹಕ್ಕೋ ಮತಕ್ಕೋ ಸಂಬಂಧಿಸಿದ ಪುಟವೊಂದು ಹಣದ ಮೇಲೆ ಹಿಡಿತವಿರುವ ಆ್ಯಕ್ಟಿವ್ ಕೀ ಅಥವಾ ಇಡೀ ಖಾತೆಯ ಮೇಲೆ ಹಿಡಿತವಿರುವ ಓನರ್ ಕೀ ಕೇಳಿದರೆ ಅದನ್ನು ವಂಚನೆಯೆಂದೇ ತಿಳಿಯಿರಿ.

ನಮ್ಮದೇ ಮತಗಳತ್ತಲೂ ಒಮ್ಮೆ ಕಣ್ಣು ಹಾಯಿಸಬೇಕು. ಇಂಥಿಂಥ ಲೇಖಕರ ಬರಹಕ್ಕೆ ತಾನಾಗಿ ಮತ ಬೀಳಲಿ ಎಂದು ಎಂದೋ ಮಾಡಿಟ್ಟ ವ್ಯವಸ್ಥೆ, ಆ ಲೇಖಕರು ನಕಲಿಗೆ ಇಳಿದ ಮೇಲೂ ಸದ್ದಿಲ್ಲದೆ ಹಣ ಸುರಿಯುತ್ತಿರುತ್ತದೆ. ತಿಂಗಳಿಗೊಮ್ಮೆ ಆ ಪಟ್ಟಿಯನ್ನು ತೆರೆದು, ಇತ್ತೀಚಿನ ಬರಹಗಳನ್ನು ಓದಿ, ಬೇಡವಾದ ಹೆಸರುಗಳನ್ನು ತೆಗೆದುಹಾಕಿ.

ಕೊನೆಯದಾಗಿ, ಡೌನ್‌ವೋಟ್ ಹಾಕಿದ ಬರಹವನ್ನು ಪಾವತಿಗೆ ಒಂದು ದಿನ ಮುಂಚೆ ಮತ್ತೊಮ್ಮೆ ನೋಡಿ. ಲೇಖಕರು ಮೂಲವನ್ನು ಉಲ್ಲೇಖಿಸಿ ತಿದ್ದಿಕೊಂಡಿದ್ದರೆ, ಅಥವಾ ತಪ್ಪು ನಮ್ಮ ಕಡೆಯೇ ಇತ್ತೆಂದು ಗೊತ್ತಾದರೆ, ಡೌನ್‌ವೋಟನ್ನು ಹಿಂತೆಗೆದುಕೊಂಡು ಅದೇ ಪ್ರತಿಕ್ರಿಯೆಯ ಕೆಳಗೆ ಹಾಗೆಂದು ತಿಳಿಸಿ.