ಊರುಗೋಲಿಗೆ ಹೆದರುತ್ತಿದ್ದ ಕರಿಯ ವೃದ್ಧಾಶ್ರಮಕ್ಕೆ ಒಗ್ಗಿದ್ದು

"ಊರ್ ನಾಯಿ ಕೈಲಿ ಇದೆಲ್ಲ ಆಗ್ಲಿಕ್ಕಿಲ್ಲ ಮಾರಾಯ, ಲ್ಯಾಬ್ರಡಾರ್ ತಗೋ" ಅಂತ ತೀರ್ಥಹಳ್ಳಿಯ ಸ್ನೇಹಿತರೆಲ್ಲ ನಕ್ಕಿದ್ದರು. ಈಗ ನಮ್ಮ ಊರುನಾಯಿ ಕರಿಯ ಅಜ್ಜ-ಅಜ್ಜಿಯರ ಜೊತೆ ಕೂತು ಅವರ ಬೇಜಾರು ಕಳೆಯಲು ಹದಿನೈದು ದಿನಕ್ಕೊಮ್ಮೆ ಶಿವಮೊಗ್ಗದ ಒಂದು ವೃದ್ಧಾಶ್ರಮಕ್ಕೆ ಹೋಗಿಬರುತ್ತಾನೆ. ಅರ್ಧ ವರ್ಷದ ಮೇಲಾಯಿತು, ಒಂದು ತಕರಾರಿಲ್ಲ.

ಕೂರು, ನಿಲ್ಲು, ಬಾ ಎಲ್ಲ ನಿಮಗೆ ಗೊತ್ತಿದ್ದದ್ದೇ. ಅದಕ್ಕೆ ಪೇಟೆಯ ಟ್ರೇನರ್ ಒಬ್ಬರಿಗೆ ಹತ್ತು-ಹನ್ನೆರಡು ಸಾವಿರ ಸುರಿದೆ. ಎರಡು ತಿಂಗಳು ಇಟ್ಟುಕೊಂಡು ಶೇಕ್‌ಹ್ಯಾಂಡ್ ಕಲಿಸಿ ಕಳಿಸಿದರು. ಈ ಕೆಲಸಕ್ಕೆ ಅದೇ ಕಂಟಕ. ವಯಸ್ಸಾದವರ ಕೈಚರ್ಮ ಕಾಗದದ ಹಾಗಿರುತ್ತದೆ, ನಾಯಿ ಕಾಲೆತ್ತಿ ಇಟ್ಟರೆ ಉಗುರು ಗೀರಿ ರಕ್ತ. ಅದನ್ನು ಮರೆಸಲು ಇನ್ನೊಂದು ತಿಂಗಳು ಹೋಯಿತು.

ನಿಜವಾದ ತೊಡಕು ಊರುಗೋಲು. ಅಡಿಕೆ ಕೊನೆ ಕೊಯ್ಯುವ ದೋಟಿ ತಲೆ ಮೇಲೆ ತೂಗಾಡಿದರೂ ಕರಿಯನಿಗೆ ಲೆಕ್ಕವಿಲ್ಲ. ಅಪ್ಪ ಕೋಲು ಹಿಡಿದು ಎದ್ದರೆ ಸಾಕು, ಬಾಲ ಕಾಲ ಸಂದಿಗೆ. ಬೀದಿಯಲ್ಲಿದ್ದಾಗ ಎಷ್ಟು ಪೆಟ್ಟು ತಿಂದಿದ್ದನೋ. ಅಪ್ಪನ ಕೋಲನ್ನು ಅವನ ಅನ್ನದ ತಟ್ಟೆಯಿಂದ ಮೂರ್ನಾಲ್ಕು ಮಾರು ದೂರದಲ್ಲಿ ನೆಲಕ್ಕೆ ಮಲಗಿಸಿದೆ. ದಿನಕ್ಕೊಂದು ಗೇಣು ಹತ್ತಿರ. ಅವನೇ ಹೋಗಿ ಮೂಸಿದ ಮೇಲೆ ಗೋಡೆಗೆ ಒರಗಿಸಿದೆ, ಆಮೇಲೆ ಅಪ್ಪನ ಕೈಗೆ ಕೊಟ್ಟೆ. ಕೋಲು ಕುಟ್ಟಿದಾಗಲೆಲ್ಲ ಒಂದು ಚೂರು ತಿಂಡಿ. ಎರಡು ತಿಂಗಳು ಕಳೆಯುವಷ್ಟರಲ್ಲಿ ಟಕ್ ಟಕ್ ಕೇಳಿದರೆ ಓಡಿಬರತೊಡಗಿದ. ತಿಂಡಿ ಯಾವುದು ಅಂತ ಹೇಳುವುದಿಲ್ಲ. ಒಣಮೀನಂತೂ ಅಲ್ಲ, ಆ ವಾಸನೆಯ ಬಾಯಿ ಅಜ್ಜಿಯರ ಮಡಿಲಿಗೆ ಬಂದರೆ ಮರುದಿನವೇ ಬಾಗಿಲು ಬಂದ್.

ನಡುವೆ ಕಂಬಳಿಕೊಪ್ಪೆ ಪ್ರಯೋಗವೂ ಆಯಿತು. ಮಳೆಯಲ್ಲಿ ಕಂಬಳಿ ಮಡಚಿ ತಲೆಯಿಂದ ಹೊದೆಯುವ ಈ ಕೊಪ್ಪೆ ಹಾಕಿದವರನ್ನು ಕಂಡರೆ ಬೊಗಳುತ್ತಿದ್ದ. ನಾನೇ ಕೊಪ್ಪೆ ಹಾಕಿ ಅಂಗಳ ಸುತ್ತಿದೆ. ಕರಿಯ ಸುಮ್ಮನಾದ, ಪಕ್ಕದ ಮನೆ ನಾಯಿಗಳು ಮಾತ್ರ ಇವತ್ತಿಗೂ ನನ್ನ ಮೇಲೆ ಬೀಳುತ್ತವೆ. ಆಶ್ರಮದಲ್ಲಿ ತಲೆತುಂಬ ಶಾಲು ಹೊದ್ದು ಕೂರುವವರೇ ಹೆಚ್ಚು, ಅಲ್ಲಿ ಇದು ಕೆಲಸಕ್ಕೆ ಬಂತು.

'ಬಿಡು' ಅಂದರೆ ಬಿಡಲೇಬೇಕು. ಮಂಚದಡಿ ಮಾತ್ರೆ ಬಿದ್ದಿರುತ್ತದೆ, ಐಬುಪ್ರೊಫೇನ್ ನಾಯಿಗೆ ವಿಷ. ಕರಿಯ ಆಕಳಿಸಿ ತುಟಿ ನೆಕ್ಕತೊಡಗಿದರೆ ಅವನಿಗೆ ಸಾಕಾಯಿತು, ನಾವು ಹೊರಟೆವು ಅಂತಲೇ. ಹೇಗಿದ್ದರೂ ಅರ್ಧ ಗಂಟೆ ಮೀರಿಸುವುದಿಲ್ಲ.

ಆಶ್ರಮದವರು ಮೊದಲು ಕೇಳಿದ್ದು ಉಣುಗಿನ ವಿಚಾರ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಪತ್ತೆಯಾದ ಜಿಲ್ಲೆ ನಮ್ಮದು, ಕೇಳದೆ ಬಿಡುತ್ತಾರೆಯೇ! ಬೇವಿನೆಣ್ಣೆ ಸವರಿ ನೋಡಿದೆ, ಉಣುಗು ಹೋಗಲಿಲ್ಲ, ಜಗಲಿಯೆಲ್ಲ ಜಿಡ್ಡಾಯಿತು. ಈಗ ಬೆನ್ನಿಗೆ ಹನಿ ಹಾಕುವ ಔಷಧಿ, ತಿಂಗಳಿಗೆ ನಾನೂರೈವತ್ತರ ಆಸುಪಾಸು. ಹೊರಡುವ ಹಿಂದಿನ ದಿನ ಸ್ನಾನ. ಕಿವಿ, ಕಂಕುಳು, ಬೆರಳ ಸಂದಿ ಬಿಡಿಸಿ ನೋಡುತ್ತೇನೆ. ರೇಬೀಸ್, ಇಲಿಜ್ವರದ ಲಸಿಕೆ ಚೀಟಿ ಜೇಬಿನಲ್ಲೇ ಇರುತ್ತದೆ. ಎಲ್ಲ ಸೇರಿ ಈವರೆಗೆ ಮೂವತ್ತು ಸಾವಿರ ಮುಟ್ಟಿರಬಹುದು, ಅದರಲ್ಲಿ ಪೆಟ್ರೋಲಿನದೇ ದೊಡ್ಡ ಪಾಲು.

ನಕ್ಕ ಸ್ನೇಹಿತರಲ್ಲೊಬ್ಬ ಮೊನ್ನೆ ತನ್ನ ಲ್ಯಾಬ್ರಡಾರನ್ನೇ ಕರೆತಂದಿದ್ದ, "ಇದಕ್ಕೂ ಕಲಿಸಿಕೊಡು" ಅಂತ. ಕಂಡಕಂಡವರ ಎದೆಗೆ ಹಾರುತ್ತದೆ. ಎರಡು ವರ್ಷ ತುಂಬಲಿ, ಆಮೇಲೆ ನೋಡೋಣ ಅಂದಿದ್ದೇನೆ.