ಮಕ್ಕಳು ಊರು ಬಿಟ್ಟ ಮೇಲೆ ಮನೆಮಂದಿಯನ್ನೆಲ್ಲ ಒಂದೆಡೆ ಕೂಡಿಸುವ ಬಗೆ

ಧಾರವಾಡದ ನಮ್ಮ ಓಣಿಯ ಬಹಳಷ್ಟು ಮನೆಗಳಲ್ಲಿ ಈಗ ಹಿರಿಯರಿಬ್ಬರೇ ಉಳಿದಿದ್ದಾರೆ. ಮಕ್ಕಳು ಓದು ಮುಗಿಸಿ ಬೆಂಗಳೂರಿಗೋ ಪುಣೆಗೋ ಹೋಗುತ್ತಾರೆ, ಅಲ್ಲಿಂದ ಕೆಲವರು ಲಂಡನ್, ಅಮೆರಿಕ ಎಂದು ಇನ್ನೂ ದೂರ ಹೋಗುತ್ತಾರೆ. ಹೋಗುವುದರಲ್ಲಿ ತಪ್ಪೇನೂ ಇಲ್ಲ. ನಾವೇ ಓದಿಸಿ, ನಾವೇ ಹರಸಿ ಕಳಿಸಿದವರು. ಆದರೆ ಹಿಂದೆ ತಾನಾಗಿಯೇ ನಡೆಯುತ್ತಿದ್ದ ಒಂದು ಕೆಲಸ ಈಗ ತಾನಾಗಿ ನಡೆಯುವುದಿಲ್ಲ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಿದ್ದರು. ಶೀಗಿ ಹುಣ್ಣಿಮೆಗೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಒಟ್ಟಿಗೆ ಕುಳಿತು ಉಣ್ಣುತ್ತಿದ್ದರು. ಕುಬಸ (ಬಸುರಿಯ ಸೀಮಂತ), ತೊಟ್ಟಿಲು, ಜವಳ (ಮಗುವಿನ ಮೊದಲ ಕೂದಲು ತೆಗೆಸುವುದು) ಎಂದು ವರ್ಷದಲ್ಲಿ ಹಲವು ಸಲ ಮನೆ ತುಂಬುತ್ತಿತ್ತು. ಈಗ ಕೂಡಿಸುವ ಕೆಲಸವನ್ನು ಯಾರಾದರೊಬ್ಬರು ಮೈಮೇಲೆ ಹಾಕಿಕೊಂಡು ಮಾಡಬೇಕಾಗಿದೆ, ಮತ್ತು ಅದಕ್ಕೆ ಮನೆಯ ಹಿರಿಯ ಹೆಣ್ಣುಮಗಳಿಗಿಂತ ತಕ್ಕವರು ಬೇರೆ ಇಲ್ಲವೆಂದು ನಾನು ನಂಬಿದ್ದೇನೆ. ನನ್ನ ವಯಸ್ಸಿನವರಿಗೆ ಉಪಯೋಗವಾಗಲೆಂದು, ಅದನ್ನು ಹೇಗೆ ಮಾಡಬೇಕೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು, ಶಾಸ್ತ್ರವನ್ನೂ ಕೂಟವನ್ನೂ ಬೇರೆ ಬೇರೆ ಮಾಡುವುದು. ಒಂದು ಮುಹೂರ್ತ ಬುಧವಾರಕ್ಕೆ ಬಂದರೆ ನೌಕರಿಯವರು ಓಡೋಡಿ ಬಂದು, ಅಕ್ಷತೆ ಹಾಕಿ, ಅದೇ ರಾತ್ರಿಯ ಬಸ್ಸಿಗೆ ತಿರುಗಿ ಹೋಗುತ್ತಾರೆ. ಕಲ್ಯಾಣ ಮಂಟಪದಲ್ಲಿ ಮನೆಯವರು ಬಂದವರನ್ನು ವಿಚಾರಿಸುವುದರಲ್ಲಿಯೇ ಇರುತ್ತಾರೆ. ಅಣ್ಣ-ತಂಗಿಯರು ಎದುರುಬದುರು ಕುಳಿತು ನಾಲ್ಕು ಮಾತು ಆಡುವುದೇ ಇಲ್ಲ. ಆದ್ದರಿಂದ ಶಾಸ್ತ್ರವನ್ನು ಅದರ ತಿಥಿಗೆ ಮನೆಯಲ್ಲಿಯೇ ಚಿಕ್ಕದಾಗಿ ಮುಗಿಸಿ, ಕೂಟಕ್ಕೆ ವರ್ಷಕ್ಕೊಮ್ಮೆ, ಊರಿನಿಂದ ದೂರ ಕಾಡಿನ ಕಡೆಯ ಒಂದು ಮನೆಯಲ್ಲಿ, ಎರಡು ರಾತ್ರಿಗಳನ್ನು ಬೇರೆಯಾಗಿ ತೆಗೆದಿಡುವುದು ಒಳ್ಳೆಯದು. ಯಾವ ಶಾಸ್ತ್ರ ಕಾಯುತ್ತದೆ, ಯಾವುದು ಕಾಯುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಕುಬಸ ಕಾಯುವುದಿಲ್ಲ. ಜವಳಕ್ಕೆ ಒಂದನೆಯ ವರ್ಷ ತಪ್ಪಿದರೆ ಮೂರನೆಯ ವರ್ಷವಿದೆ. ಅರವತ್ತರ ಶಾಂತಿಗೆ ಹುಟ್ಟಿದ ಸಂವತ್ಸರವೇ ತಿರುಗಿ ಬಂದಿರುತ್ತದೆ, ಏಕೆಂದರೆ ಸಂವತ್ಸರಗಳ ಚಕ್ರ 60 ವರ್ಷಗಳದ್ದು; ಆ ದಿನವನ್ನು ಹೆಚ್ಚು ಮುಂದೆ ಹಾಕಲು ಮನಸ್ಸಾಗುವುದಿಲ್ಲ. ಸಹಸ್ರ ಚಂದ್ರ ದರ್ಶನದ ಲೆಕ್ಕ ಬೇರೆ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29 ದಿನ ಹನ್ನೆರಡೂವರೆ ತಾಸು ಹಿಡಿದರೆ, ಸಾವಿರ ಹುಣ್ಣಿಮೆಗಳಾಗುವುದು 81 ವರ್ಷ ತುಂಬುವುದಕ್ಕೆ ಸ್ವಲ್ಪ ಮೊದಲು. ಆಚಾರ್ಯರನ್ನು ಕೇಳಿ, ದೂರದ ಮೊಮ್ಮಕ್ಕಳ ಶಾಲೆಗೆ ರಜೆ ಇರುವ ದಿನಗಳಲ್ಲಿಯೇ ಒಂದು ಮುಹೂರ್ತವನ್ನು ನೋಡಬಹುದು, ಹಾಗೆ ಬಂದವರನ್ನೆಲ್ಲ ಅಲ್ಲಿಂದಲೇ ಕೂಟಕ್ಕೂ ಕರೆದೊಯ್ಯಬಹುದು.

ದಿನವನ್ನು ಗೊತ್ತುಮಾಡುವಾಗ ಎಲ್ಲರಿಗೂ ಅನುಕೂಲವಾದ ದಿನವನ್ನು ಹುಡುಕುತ್ತ ಕೂಡಬೇಡಿರಿ. ಅಂತಹ ದಿನ ಸಿಗುವುದಿಲ್ಲ. ಮನೆಯಲ್ಲಿ ವಿದೇಶದಲ್ಲಿರುವವರು ಇದ್ದರೆ ಡಿಸೆಂಬರ್ ಕೊನೆಯ ವಾರವನ್ನು ಹಿಡಿಯಿರಿ. ಆಗ ಕೋಣೆಗಳ ಬಾಡಿಗೆ ಏರುತ್ತದೆ, ಆದರೆ ಅವರಿಗೆ ರಜೆ ಸಿಗುವುದು ಆಗಲೇ. ಎಲ್ಲರೂ ಈ ದೇಶದಲ್ಲಿಯೇ ಇದ್ದರೆ ಶೀಗಿ ಹುಣ್ಣಿಮೆಯ ಹಿಂದುಮುಂದಿನ ಶನಿವಾರ-ಭಾನುವಾರ ನನ್ನ ಮೆಚ್ಚಿನ ಕಾಲ: ದಸರೆಯ ಜನಸಂದಣಿ ಕರಗಿರುತ್ತದೆ, ಮಳೆ ಹಿಂದೆ ಸರಿದಿರುತ್ತದೆ, ಕಾಡು ಇನ್ನೂ ಹಸಿರಾಗಿರುತ್ತದೆ. ಮಳೆಗಾಲದಲ್ಲಿ ಮಾತ್ರ ಕೂಸುಗಳನ್ನೂ ಮೊಣಕಾಲು ನೋವಿನವರನ್ನೂ ಕರೆದುಕೊಂಡು ಕಾಡಿಗೆ ಹೋಗಬಾರದು; ಜಾರುವ ನೆಲವೂ ಇಂಬಳಗಳೂ ಎರಡು ದಿನವನ್ನು ಹಾಳುಮಾಡುತ್ತವೆ. ದಿನ ಗೊತ್ತಾದ ಮೇಲೆ “ಬರ್ತೀರೇನು?” ಎಂದು ಕೇಳದೆ, “ಇಂಥ ದಿನ, ಇಂಥಲ್ಲಿ ಕೂಡೋದು ಗೊತ್ತಾಗೇದ” ಎಂದು ತಿಳಿಸಬೇಕು. ಕೇಳಿದರೆ ಮಕ್ಕಳು ಯೋಚಿಸಲು ಶುರುಮಾಡುತ್ತಾರೆ, ತಿಳಿಸಿದರೆ ರಜೆ ಹಾಕುತ್ತಾರೆ. ಒಬ್ಬಿಬ್ಬರಿಗೆ ಬರಲಾಗದಿದ್ದರೂ ಕೂಟವನ್ನು ಮುಂದೆ ಹಾಕಬಾರದು, ಬಾರದವರ ಮೇಲೆ ಮುನಿಸನ್ನೂ ಇಟ್ಟುಕೊಳ್ಳಬಾರದು.

ಮನೆಯಲ್ಲಿಯೇ ಏಕೆ ಕೂಡಬಾರದು ಎಂದು ಹಲವರು ಕೇಳುತ್ತಾರೆ. ಮನೆಯಲ್ಲಿ ಕೂಡಿದರೆ ಸೊಸೆಯಂದಿರು ಅಡುಗೆಮನೆಯಿಂದ ಹೊರಗೆ ಬರುವುದಿಲ್ಲ, ಗಂಡುಮಕ್ಕಳು ಹಳೆಯ ಗೆಳೆಯರನ್ನು ನೋಡಲು ಹೋಗುತ್ತಾರೆ, ಬೀಗರು, ನೆರೆಯವರು ಮಾತಾಡಿಸಲು ಬರುತ್ತಾರೆ. ಕಾಡಿನ ನಡುವಿನ ಒಂದು ಮನೆಯಲ್ಲಿ ಯಾರೂ ಎದ್ದು ಹೋಗುವಂತಿಲ್ಲ, ಯಾರೂ ಬಾಗಿಲು ತಟ್ಟುವಂತಿಲ್ಲ. ನಮ್ಮ ಭಾಗದವರಿಗೆ ಇದು ದೂರದ ಮಾತೂ ಅಲ್ಲ. ಧಾರವಾಡದಿಂದ ಹಳಿಯಾಳದ ಮೇಲೆ ದಾಂಡೇಲಿ ಸುಮಾರು 55 ಕಿ.ಮೀ. ಅಲ್ಲಿ ಕಾಳಿ ನದಿಯ ದಂಡೆಗೂ ಕಾಡಿನ ಅಂಚಿಗೂ ಹೋಮ್‌ಸ್ಟೇಗಳು, ಕಾಟೇಜುಗಳು ಬೇಕಾದಷ್ಟಿವೆ. ಸರಕಾರದ ಜಂಗಲ್ ಲಾಡ್ಜಸ್‌ನ ಕ್ಯಾಂಪು ಇದೆ, ಕುಳಗಿಯಲ್ಲಿ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರವಿದೆ. ಹಾವೇರಿಯ ಕಡೆಯವರು ಶಿರಸಿಯ ಸುತ್ತಿನ ಅಡಿಕೆ ತೋಟದ ಮನೆಗಳನ್ನು ನೋಡಬಹುದು. ಗದಗಿನ ಕಡೆ ಸ್ವಂತ ಹೊಲದಲ್ಲಿ ಗಟ್ಟಿಯಾದ ಒಂದು ಮನೆ ಇದ್ದವರಿಗೆ ಅದೇ ಸಾಕು, ಖರ್ಚೂ ಉಳಿಯುತ್ತದೆ.

ಕೋಣೆ ಹಿಡಿಯುವ ಮೊದಲು ಫೋಟೋ ನೋಡಿ ಒಪ್ಪಿಕೊಳ್ಳದೆ, ಮನೆಯ ಮಾಲೀಕರಿಗೆ ಫೋನ್ ಮಾಡಿ ಕೇಳಬೇಕು. ಕೋಣೆಗಳು ನೆಲಮಟ್ಟದಲ್ಲಿವೆಯೇ, ಎಷ್ಟು ಮೆಟ್ಟಿಲು ಹತ್ತಬೇಕು, ಕುರ್ಚಿಯ ಕಮೋಡ್ ಇದೆಯೇ, ಬೆಳಗಿನ ಚಳಿಗೆ ಬಿಸಿನೀರು ಎಲ್ಲರಿಗೂ ಸಾಲುತ್ತದೆಯೇ, ಕರೆಂಟು ಹೋದರೆ ಏನು ವ್ಯವಸ್ಥೆ, ಮೊಬೈಲ್ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ, ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ವಾಹನ ಸಿಗುತ್ತದೆಯೇ ಎಂಬುದನ್ನು ಒಂದೊಂದಾಗಿ ಕೇಳಿ ಬರೆದುಕೊಳ್ಳಿರಿ. ಇವೆಲ್ಲಕ್ಕಿಂತ ಮುಖ್ಯವಾದದ್ದು, ಎಲ್ಲರೂ ಒಟ್ಟಿಗೆ ಕೂಡಬಹುದಾದ ದೊಡ್ಡ ಪಡಸಾಲೆ. ಬಿಡಿ ಬಿಡಿ ಕಾಟೇಜುಗಳಲ್ಲಿ ಒಂದೊಂದು ಸಂಸಾರ ಬಾಗಿಲು ಹಾಕಿಕೊಂಡರೆ, ಬೆಂಗಳೂರಿನಲ್ಲಿ ಇದ್ದುದಕ್ಕೂ ಇಲ್ಲಿ ಇದ್ದುದಕ್ಕೂ ವ್ಯತ್ಯಾಸವಾಗುವುದಿಲ್ಲ.

ನದಿಯ ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕು. ದಾಂಡೇಲಿಯ ಹತ್ತಿರ ಕಾಳಿಯಲ್ಲಿ ಮೊಸಳೆಗಳಿವೆ, ಮೇಲಿನ ಸೂಪಾ ಆಣೆಕಟ್ಟಿನಿಂದ ನೀರು ಬಿಟ್ಟಾಗ ಹೊಳೆಯ ಮಟ್ಟವೂ ಏರುತ್ತದೆ. ಸ್ಥಳದವರು ತೋರಿಸಿದ ಜಾಗವನ್ನು ಬಿಟ್ಟು ಬೇರೆಲ್ಲಿಯೂ ಮಕ್ಕಳು ನೀರಿಗೆ ಇಳಿಯಬಾರದು; ದೊಡ್ಡವರೊಬ್ಬರು ಬೇರೆ ಕೆಲಸವಿಲ್ಲದೆ ಅವರನ್ನೇ ನೋಡುತ್ತಿರಬೇಕು. ಇದು ಹುಲಿ ಸಂರಕ್ಷಿತ ಪ್ರದೇಶದ ಕಾಡು. ಸಂಜೆಯ ಮೇಲೆ ಹೊರಗೆ ಅಡ್ಡಾಡುವುದು, ಮಂಗಗಳಿಗೆ ತಿನಿಸು ಹಾಕುವುದು ಬೇಡ. ಬೆಳಿಗ್ಗೆ ಅಂಗಳದಲ್ಲಿ ಸದ್ದಿಲ್ಲದೆ ಕುಳಿತರೆ ಮಂಗಟ್ಟೆ ಹಕ್ಕಿಗಳು ರೆಕ್ಕೆಯಿಂದ ಗಾಳಿಯನ್ನು ಸೀಳುವ ಸಪ್ಪಳ ಕೇಳುತ್ತದೆ, ಮೊಬೈಲ್ ಹಿಡಿದ ಮಕ್ಕಳೂ ತಲೆ ಎತ್ತಿ ನೋಡುತ್ತಾರೆ.

ರೈಲಿನ ಮುಂಗಡ ಬುಕಿಂಗು 2024ರ ನವೆಂಬರಿನಿಂದ 60 ದಿನ ಮೊದಲು ತೆರೆಯುತ್ತದೆ. ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ ಮಕ್ಕಳಿಗೆ ನೆನಪಿಸಿರಿ. ಬೆಂಗಳೂರಿನವರಿಗೆ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಇದೆ, ಹಗಲಿಗೆ 2023ರ ಜೂನಿನಿಂದ ಧಾರವಾಡದ ವಂದೇ ಭಾರತ್ ಇದೆ.

ಖರ್ಚಿನ ಮಾತನ್ನು ಮೊದಲೇ ಬಾಯಿಬಿಟ್ಟು ಆಡಬೇಕು. ತಲೆಗಿಷ್ಟು ಎಂದು ಹಂಚಿದರೆ ಹೆಚ್ಚು ಮಕ್ಕಳಿರುವವರಿಗೆ ಭಾರವಾಗುತ್ತದೆ, ಕೋಣೆಗಿಷ್ಟು ಎಂದು ಹಂಚುವುದು ನ್ಯಾಯ. ಆಗಷ್ಟೇ ನೌಕರಿಗೆ ಸೇರಿದ ಮೊಮ್ಮಗನಿಂದ ಏನನ್ನೂ ತೆಗೆದುಕೊಳ್ಳಬೇಡಿರಿ. ಅಳಿಯನಿಂದ ಹಣ ತೆಗೆದುಕೊಳ್ಳಬಾರದೆಂಬ ಹಳೆಯ ಸಂಕೋಚವನ್ನು ಬಿಡುವುದೇ ಒಳ್ಳೆಯದೆಂದು ನನಗೆ ಅನ್ನಿಸುತ್ತದೆ. ಪಾಲು ಕೊಟ್ಟ ಮಗಳು-ಅಳಿಯ ಅತಿಥಿಗಳಂತೆ ಒಂದು ಮೂಲೆಯಲ್ಲಿ ಕೂಡದೆ ಮನೆಯವರಾಗಿ ಓಡಾಡುತ್ತಾರೆ. ಹಿರಿಯರು ಯಾವುದಾದರೂ ಒಂದನ್ನು, ಉದಾಹರಣೆಗೆ ವಾಹನದ ಬಾಡಿಗೆಯನ್ನು, ತಾವು ವಹಿಸಿಕೊಂಡರೆ ಮಕ್ಕಳಿಗೂ ಸಂತೋಷ.

ಎರಡು ದಿನದ ಊಟವನ್ನು ಹೋಮ್‌ಸ್ಟೇಯವರಿಗೆ ಬಿಟ್ಟು, ಮೊದಲ ರಾತ್ರಿಯ ಊಟವೊಂದನ್ನು ಮಾತ್ರ ಮನೆಯಿಂದ ಒಯ್ಯಿರಿ: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಝುಣಕದ ವಡಿ, ಗಟ್ಟಿ ಮೊಸರು. ಕಾಡಿನ ತೇವಕ್ಕೆ ರೊಟ್ಟಿ ಬೇಗ ಮೆತ್ತಗಾಗುತ್ತದೆ. ಬಿದಿರಿನ ಬುಟ್ಟಿ ಬೇಡ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಟ್ಟು, ಬೇಕಾದರೆ ಉಣ್ಣುವ ಮೊದಲು ಹಂಚಿನ ಮೇಲೆ ಒಂದೊಂದಾಗಿ ಕಾಯಿಸಿಕೊಳ್ಳಿರಿ. ಗುರೆಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಎನ್ನುವವರೆಗೆ ಹುರಿದು, ಪೂರ್ತಿ ಆರಿದ ಮೇಲೆ ಬೆಳ್ಳುಳ್ಳಿ, ಬ್ಯಾಡಗಿ ಖಾರಪುಡಿ, ಉಪ್ಪು, ಒಂದು ಚೂರು ಹುಣಸೆಹಣ್ಣು ಕೂಡಿಸಿ ಕುಟ್ಟಬೇಕು. ಬಿಸಿ ಇರುವಾಗಲೇ ಕುಟ್ಟಿದರೆ ಮುದ್ದೆಯಾಗುತ್ತದೆ. ಈ ಕುಟ್ಟುವ ಕೆಲಸವನ್ನು ಗಂಡುಮಕ್ಕಳಿಗೆ ಹಚ್ಚಿರಿ. ಕೂಟಕ್ಕೆ ಬಂದ ಪ್ರತಿಯೊಬ್ಬರಿಗೂ ಒಂದು ಕೆಲಸ ಇರಲೇಬೇಕು, ಎಂಟು ವರ್ಷದ ಕೂಸಿಗೆ ಎಲೆ ಹಾಕುವುದಾದರೂ ಸರಿ.

ಮಧ್ಯಾಹ್ನದ ಹೊತ್ತಿಗೆ ನಾನು ಎಲ್ಲರಿಗೂ ಹೇಳುವುದು ಕೌದಿಯ, ಅಂದರೆ ಹಳೆಯ ಬಟ್ಟೆಗಳನ್ನು ಕೂಡಿಸಿ ಹೊಲಿದ ಹೊದಿಕೆಯ, ಕೆಲಸ. ಬರುವಾಗ ಪ್ರತಿ ಮನೆಯವರು ಉಟ್ಟು ಮೆತ್ತಗಾದ ಒಂದು ಹತ್ತಿಯ ಸೀರೆಯನ್ನೋ ಹಳೆಯ ಧೋತರವನ್ನೋ ತರಬೇಕು. ಸೀರೆಗಳನ್ನು ಪದರಪದರವಾಗಿ ಹಾಸಿ, ಸುಕ್ಕು ಬರದಂತೆ ನಾಲ್ಕು ಮೂಲೆಗಳಲ್ಲಿ ಮೊದಲು ಉದ್ದುದ್ದ ಟಾಕು ಹಾಕಿ ಹಿಡಿಸಬೇಕು. ಮೇಲೆ ಮಕ್ಕಳ ಹಳೆಯ ಲಂಗ, ಅಂಗಿಗಳ ತುಂಡುಗಳನ್ನು ಜೋಡಿಸಿ, ಅಂಚಿನಿಂದ ನಡುವಿನ ಕಡೆಗೆ ಸುತ್ತಿಕೊಂಡು ಬರುವಂತೆ ದಪ್ಪ ದಾರದಿಂದ ಹೊಲಿಯಬೇಕು. ನಾಲ್ಕು ಕಡೆಯಿಂದ ನಾಲ್ವರು ಕುಳಿತರೆ ಮಾತು ತಾನಾಗಿಯೇ ಬರುತ್ತದೆ: ಕೈ ಕೆಲಸದಲ್ಲಿದ್ದು ಕಣ್ಣು ಕೆಳಗಿದ್ದಾಗ, ಮುಖ ನೋಡಿ ಹೇಳಲಾಗದ್ದನ್ನೂ ಸೊಸೆಯಂದಿರು, ಮೊಮ್ಮಕ್ಕಳು ಹೇಳುತ್ತಾರೆ. ಒಂದು ಕೂಟದಲ್ಲಿ ಕೌದಿ ಮುಗಿಯುವುದಿಲ್ಲ, ಮುಗಿಯಬೇಕೆಂದೂ ಇಲ್ಲ. ಉಳಿದದ್ದನ್ನು ಸುತ್ತಿಟ್ಟು ಮುಂದಿನ ವರ್ಷ ತೆಗೆಯಬಹುದು. ಮುಗಿದಾಗ ಅದು ಆ ವರ್ಷ ಊರು ಬಿಡುವ ಮಗುವಿಗೆ ಸೇರಬೇಕು.

ಸಂಜೆ ಒಂದು ತಾಸು ಮನೆತನದ ವಹಿಗೆ ಕೊಡಿರಿ. ಗಟ್ಟಿ ರಟ್ಟಿನ ಒಂದು ಪುಸ್ತಕದಲ್ಲಿ ಯಾರು ಯಾವಾಗ ಎಲ್ಲಿ ಹುಟ್ಟಿದರು, ಮದುವೆ ಯಾವ ಊರಲ್ಲಿ ಆಯಿತು, ಮನೆದೇವರು ಯಾರು, ಹಿರಿಯರ ಮೂಲ ಹಳ್ಳಿ ಯಾವುದು ಎಂಬುದನ್ನು ತಾರೀಖು, ತಿಥಿ ಎರಡರ ಸಮೇತ ಬರೆಸಬೇಕು. ಆ ವರ್ಷ ನಡೆದದ್ದನ್ನು, ಹೊಸ ಕೂಸು, ಹೊಸ ಮನೆ, ತೀರಿಕೊಂಡವರು, ಮೊದಲ ಸಂಬಳ, ಎಲ್ಲವನ್ನೂ ಮೊಮ್ಮಕ್ಕಳ ಕೈಯಿಂದ ಕನ್ನಡದಲ್ಲಿಯೇ ಬರೆಸಿರಿ. ಅಕ್ಷರ ಸೊಟ್ಟಗಾದರೆ ಆಗಲಿ.

ಇನ್ನು ಊರು ಬಿಟ್ಟು ಹೊರಟ ಮಗುವನ್ನು ಕಳಿಸುವ ಬಗೆ. ಚೀಲದಲ್ಲಿ ತುಂಬುವುದನ್ನು ಕಡಿಮೆ ಮಾಡಿ, ಕೈಗೆ ಕಲಿಸುವುದನ್ನು ಹೆಚ್ಚು ಮಾಡಿರಿ: ಅನ್ನ-ಸಾರು, ಒಂದು ಪಲ್ಯ, ಝುಣಕ ಇಷ್ಟು ಬಂದರೆ ಹಸಿದಿರುವುದಿಲ್ಲ. ವಿಮಾನದಲ್ಲಿ ಹೋಗುವವರಿಗೆ ಗಿಟಕ ಕೊಬ್ಬರಿ ಕಟ್ಟಬೇಡಿರಿ. ಬೆಂಕಿ ಹತ್ತುವ ಪದಾರ್ಥವೆಂದು ಅದನ್ನು ತೆಗೆಸಿಬಿಡುತ್ತಾರೆ. ಉಪ್ಪಿನಕಾಯಿ, ತುಪ್ಪ, ಖಾರಪುಡಿಗಳು ಕೈಚೀಲದಲ್ಲಿ ಬೇಡ, ಒಪ್ಪಿಸಿಕೊಡುವ ದೊಡ್ಡ ಬ್ಯಾಗಿನಲ್ಲಿ ಎರಡು ಸುತ್ತು ಪ್ಲಾಸ್ಟಿಕ್ ಕಟ್ಟಿ ಇಡಿರಿ. ಯಾವ ದೇಶ ಏನನ್ನು ಒಳಗೆ ಬಿಡುತ್ತದೆ ಎಂಬುದನ್ನು ಮಕ್ಕಳಿಂದಲೇ ಮೊದಲು ನೋಡಿಸಿಕೊಳ್ಳಿರಿ. ಸ್ಟೇಷನ್ನಿನಲ್ಲಿ ಕಣ್ಣೀರು ಬಂದರೆ ಬರಲಿ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ “ನಮ್ಮನ್ನ ಬಿಟ್ಟು ಹೊಂಟಿ” ಎಂಬ ಮಾತನ್ನು ಆಡಬಾರದು. ಆ ಮಾತನ್ನು ಮಗು ಹೊತ್ತುಕೊಂಡೇ ಹೋಗುತ್ತದೆ.

ಹೋದ ಮೇಲೆ ಫೋನಿಗೆ ವಾರದಲ್ಲಿ ಒಂದು ಹೊತ್ತನ್ನು ಖಾಯಂ ಮಾಡಿರಿ. ಭಾನುವಾರ ಸಂಜೆ ಏಳೂವರೆ ಅನುಕೂಲವಾದ ಹೊತ್ತು. ಆಗ ಅಲ್ಲಿಯ ಬೇಸಿಗೆಯಲ್ಲಿ ಲಂಡನ್ನಿನಲ್ಲಿ ಮಧ್ಯಾಹ್ನ ಮೂರು ಗಂಟೆ, ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಹತ್ತು. ಅವರ ಚಳಿಗಾಲದಲ್ಲಿ ಎರಡೂ ಕಡೆ ಒಂದು ತಾಸು ಹಿಂದೆ. ಕ್ಯಾಲಿಫೋರ್ನಿಯಾದವರಿಗೆ ಅದು ಬೆಳಗಿನ ಆರೇಳು ಗಂಟೆಯಾಗುವುದರಿಂದ ನಮ್ಮ ಭಾನುವಾರ ಬೆಳಿಗ್ಗೆ ಏಳೂವರೆಗೆ ಮಾತಾಡುವುದು ವಾಸಿ. ಅವರಿಗೆ ಆಗ ಶನಿವಾರ ಸಂಜೆ. ಪ್ರತಿ ಸಲವೂ “ಯಾವಾಗ ಬರ್ತೀ?” ಎಂದು ಕೇಳಬೇಡಿರಿ. ಕೂಟದ ದಿನ ಗೊತ್ತಿದ್ದರೆ ಆ ಪ್ರಶ್ನೆಯೇ ಬೇಕಾಗುವುದಿಲ್ಲ. ಮೊಮ್ಮಕ್ಕಳೊಡನೆ ನಮ್ಮ ಧಾರವಾಡದ ಮಾತಿನಲ್ಲಿಯೇ ಮಾತಾಡಿರಿ. ಅವರು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೂ ನೀವು ಬದಲಾಯಿಸಬೇಡಿರಿ, ಕಿವಿಗೆ ಬಿದ್ದದ್ದು ಒಳಗೆ ಉಳಿಯುತ್ತದೆ.

ಕೂಟದ ಕೊನೆಯ ಬೆಳಿಗ್ಗೆ, ಚಹಾದ ಹೊತ್ತಿಗೆ, ಬ್ಯಾಗುಗಳು ಗಾಡಿಗೆ ಏರುವ ಮೊದಲೇ ಮುಂದಿನ ವರ್ಷದ ತಾರೀಖನ್ನು ಎಲ್ಲರೆದುರು ಗೊತ್ತುಮಾಡಿ ವಹಿಯಲ್ಲಿ ಬರೆಯಿರಿ. ಮುಂದಿನ ಸಲದ ಕೋಣೆಗಳ ಹೊಣೆ ಯಾರದು, ವಾಹನದ ಹೊಣೆ ಯಾರದು ಎಂದು ಹೆಸರು ಹಾಕಿರಿ. ಪ್ರತಿ ವರ್ಷ ಬೇರೆ ಬೇರೆಯವರಿಗೆ, ಅದರಲ್ಲಿಯೂ ಹದಿನೆಂಟು ದಾಟಿದ ಮೊಮ್ಮಕ್ಕಳಿಗೆ ಈ ಕೆಲಸವನ್ನು ವಹಿಸಿ, ನೀವು ಪಕ್ಕದಲ್ಲಿದ್ದು ಕಲಿಸಿಕೊಡಿರಿ. ಜಾಗ ಹಿಡಿಸಿದ್ದರೆ ಅಲ್ಲಿಯೇ ಮಾಲೀಕರಿಗೆ ಮುಂಗಡ ಕೊಟ್ಟು ರಸೀದಿ ತೆಗೆದುಕೊಳ್ಳಿರಿ, ಅದನ್ನು ಅದೇ ಪುಟಕ್ಕೆ ಅಂಟಿಸಿರಿ.