ಗಂಟು ಮಕ್ಕಳೇ ಕಟ್ಟಲಿ, ಹಗ್ಗ ನಾವು ತಂದಿಡೋಣ: ಸ್ಕೌಟ್ ಟ್ರೂಪಿನ ಅಪ್ಪ ಅಮ್ಮಂದಿರಿಗೆ

ನನ್ನ ಮಗಳು ಸ್ಕೌಟಿಂಗ್ ಸೇರಿ ಆರು ವರ್ಷ ಆಯಿತು. ಅದರಲ್ಲಿ ಐದು ವರ್ಷದಿಂದ ನಾನು ಅವಳ ಟ್ರೂಪಿನ, ಅಂದರೆ ಸ್ಕೌಟ್ ತಂಡದ, ಪೋಷಕರ ಸಮಿತಿಯಲ್ಲಿದ್ದೇನೆ, ಲೆಕ್ಕದ ಪುಸ್ತಕವೂ ನನ್ನ ಹತ್ತಿರವೇ ಇದೆ. ಹೊಸದಾಗಿ ಸೇರುವ ಮಕ್ಕಳ ಅಪ್ಪ ಅಮ್ಮಂದಿರು ಪ್ರತಿ ವರ್ಷ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ: "ನಾವೇನು ಮಾಡಬೇಕು?" ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಘಟನೆ. ನಾನು ಹೋದ ಮೊದಲ ಕ್ಯಾಂಪ್. ಸಂಜೆ ಗಾಳಿ ಎದ್ದಿತ್ತು. ನಾಲ್ಕು ಮಕ್ಕಳು ಟೆಂಟ್ ನಿಲ್ಲಿಸಲು ಒದ್ದಾಡುತ್ತಿದ್ದರು, ಒಂದು ಹಗ್ಗ ಕಟ್ಟಿದರೆ ಇನ್ನೊಂದು ಬಿಚ್ಚಿಕೊಳ್ಳುತ್ತಿತ್ತು. ನೋಡಲಾಗದೆ ನಾನೇ ಹೋಗಿ ಐದು ನಿಮಿಷದಲ್ಲಿ ಎಲ್ಲ ಹಗ್ಗ ಬಿಗಿದುಬಿಟ್ಟೆ. ಆ ಪಟ್ರೋಲಿನ (ಟ್ರೂಪಿನೊಳಗಿನ ಚಿಕ್ಕ ಗುಂಪಿನ) ಲೀಡರ್ ಹದಿಮೂರು ವರ್ಷದ ಹುಡುಗಿ. ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಅಂಕಲ್, ಚೆನ್ನಾಗಿ ಕಟ್ಟಿದ್ದೀರಿ. ಆದ್ರೆ ನಾವು ಬಿಚ್ಚಿ ಮತ್ತೆ ಕಟ್ತೀವಿ. ಇವರಿಬ್ಬರೂ ಇನ್ನೂ ಕಲ್ತಿಲ್ಲ." ಬಿಚ್ಚಿದರು. ಮತ್ತೆ ಕಟ್ಟಲು ನಲವತ್ತು ನಿಮಿಷ ಹಿಡಿಯಿತು. ಟೆಂಟ್ ಒಂದು ಕಡೆ ವಾಲಿಕೊಂಡೇ ಇತ್ತು, ಆದರೂ ಬೆಳಗಿನ ತನಕ ಗಾಳಿಗೆ ನಿಂತಿತು.

ನಮ್ಮ ಕೆಲಸ ಯಾವುದು, ಮಕ್ಕಳ ಕೆಲಸ ಯಾವುದು ಅಂತ ನನಗೆ ಗೊತ್ತಾಗಿದ್ದು ಆವತ್ತು. ಸ್ಕೌಟಿಂಗ್ ಶುರುವಾಗಿದ್ದೇ ಹೀಗೆ. 1907ರ ಆಗಸ್ಟಿನಲ್ಲಿ ಸ್ಕೌಟಿಂಗ್ ಹುಟ್ಟುಹಾಕಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಸುಮಾರು 20 ಹುಡುಗರನ್ನು ಕರೆದುಕೊಂಡು ಹೋದರು. ಅವರನ್ನು ನಾಲ್ಕು ಪಟ್ರೋಲ್ ಮಾಡಿ, ಪ್ರತಿ ಪಟ್ರೋಲಿಗೆ ಒಬ್ಬ ಹುಡುಗನನ್ನೇ ಲೀಡರ್ ಮಾಡಿದರು. ಇವತ್ತಿಗೂ ಟ್ರೂಪ್ ನಡೆಯುವುದು ಪಟ್ರೋಲಿನಿಂದಲೇ. ಆರರಿಂದ ಎಂಟು ಮಕ್ಕಳು, ಅವರದೇ ಲೀಡರ್, ಅವರದೇ ತೀರ್ಮಾನ. ಅದಕ್ಕೆ ಬೇಕಾದ ವಾಹನ, ಫಾರಂ, ಹಣ, ಪಾತ್ರೆ, ಜಾಗ ಎಲ್ಲ ಹೊಂದಿಸಿಕೊಡುವುದು ನಮ್ಮ ಪಾಲಿಗೆ ಬರುತ್ತದೆ.

ಶುರು ಎಲ್ಲಿಂದ

ಸೇರಿದ ವಾರವೇ ದೊಡ್ಡ ಜವಾಬ್ದಾರಿ ಹೊರಬೇಡಿ. ಎರಡು ಮೂರು ಮೀಟಿಂಗ್ ಸುಮ್ನೆ ಕೂತು ನೋಡಿ. ಮಕ್ಕಳು ಹೇಗೆ ಸಾಲು ನಿಲ್ಲುತ್ತಾರೆ, ಪಟ್ರೋಲ್ ಕಾರ್ನರಿನಲ್ಲಿ (ಒಂದೊಂದು ಪಟ್ರೋಲ್ ಸೇರುವ ಮೂಲೆಯಲ್ಲಿ) ಏನು ಮಾತಾಡುತ್ತಾರೆ, ಸ್ಕೌಟ್ ಮಾಸ್ಟರ್ ಎಲ್ಲಿ ಬಾಯಿ ಹಾಕುತ್ತಾರೆ, ಎಲ್ಲಿ ಹಾಕದೆ ಬಿಡುತ್ತಾರೆ, ಗಮನಿಸಿ. ಬಿಡುವ ಜಾಗ ಜಾಸ್ತಿ ಮುಖ್ಯ. ಆಮೇಲೆ ಸ್ಕೌಟ್ ಮಾಸ್ಟರ್ ಹತ್ತಿರ ಹೋಗಿ, "ನನಗೆ ತಿಂಗಳಿಗೆ ಎರಡು ಗಂಟೆ ಸಿಗುತ್ತೆ, ಅಷ್ಟರಲ್ಲಿ ಆಗುವ ಕೆಲಸ ಏನಿದೆ?" ಅಂತ ಕೇಳಿ. ಎಷ್ಟು ಸಮಯ ಇದೆ ಅಂತ ಸರಿಯಾಗಿ ಹೇಳಿದವರಿಗೆ ಕೆಲಸ ಕೊಡುವುದು ಸುಲಭ.

ಸಮಿತಿಯಲ್ಲಿ ಇರುವವರಿಗೂ ಒಂದು ಮಾತು. ಗುಂಪಿನ ಮುಂದೆ ನಿಂತು "ಯಾರಾದರೂ ಸಹಾಯ ಮಾಡ್ತೀರಾ?" ಅಂದರೆ ಯಾರೂ ಕೈ ಎತ್ತುವುದಿಲ್ಲ. ಒಬ್ಬೊಬ್ಬರ ಹತ್ತಿರ ಹೋಗಿ, ಹೆಸರು ಹಿಡಿದು, ಒಂದೇ ಕೆಲಸ ಕೇಳಿ. ಅದು ಯಾವತ್ತು ಮುಗಿಯುತ್ತದೆ ಅಂತಲೂ ಹೇಳಿ. "ಕ್ಯಾಂಪ್ ಆದಮೇಲೆ ಆರು ಟೆಂಟ್ ನಿಮ್ಮ ಮನೆಯ ಮೇಲೆ ಒಣಗಿಸಿ ಕೊಡ್ತೀರಾ? ಭಾನುವಾರದ ಒಳಗೆ ಮುಗಿಯುತ್ತೆ." ಇದಕ್ಕೆ ಇಲ್ಲ ಅನ್ನುವವರು ಕಡಿಮೆ. ಸೇರುವಾಗಲೇ ಒಂದು ಹಾಳೆ ಕೊಟ್ಟು, ಏನು ಬರುತ್ತದೆ, ಯಾವ ದಿನ ಬಿಡುವು ಅಂತ ಬರೆಸಿಕೊಂಡರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ಒಬ್ಬ ತಾಯಿ ನರ್ಸ್ ಅಂತ ನಮಗೆ ಗೊತ್ತಾಗಿದ್ದೇ ಆ ಹಾಳೆಯಿಂದ. ಈಗ ಮಕ್ಕಳಿಗೆ ಪ್ರಥಮ ಚಿಕಿತ್ಸೆ ಕಲಿಸುವುದು ಅವರೇ.

ಒಂದು ಗಂಟನ್ನಾದರೂ ಕಲಿಯಿರಿ. ಮಕ್ಕಳಿಗೆ ಕಟ್ಟಿಕೊಡಲು ಬೇಡ, ಅವರು ಕಟ್ಟಿದ್ದು ಸರಿ ಇದೆಯಾ ಅಂತ ಕಣ್ಣಿಗೆ ಗೊತ್ತಾಗಲಿ ಅಂತ. ವಿಶ್ವ ಸ್ಕೌಟ್ ಲಾಂಛನದ ಸುತ್ತ ಇರುವ ಹಗ್ಗದ ಬುಡದಲ್ಲಿ ಕಾಣುವುದು ರೀಫ್ ನಾಟ್. ಬಲಗೈಯ ತುದಿಯನ್ನು ಎಡಗೈಯದರ ಮೇಲೆ ಹಾಕಿ ಸುತ್ತಿ, ಆಮೇಲೆ ಎಡಗಡೆಗೆ ಬಂದ ಅದೇ ತುದಿಯನ್ನು ಬಲಗಡೆಯದರ ಮೇಲೆ ಹಾಕಿ ಸುತ್ತಿ. ಸರಿಯಾಗಿದ್ದರೆ ಗಂಟು ಚಪ್ಪಟೆಯಾಗಿ ಕೂರುತ್ತದೆ. ಎರಡು ಸಲವೂ ಒಂದೇ ಕಡೆಯಿಂದ ಸುತ್ತಿದರೆ ಅಡ್ಡಾದಿಡ್ಡಿಯಾಗಿ ನಿಂತು ಜಾರುತ್ತದೆ. ಬ್ಯಾಂಡೇಜಿಗೆ ಈ ಗಂಟು ಸರಿ. ಎರಡು ಹಗ್ಗ ಸೇರಿಸಿ ಭಾರ ಎಳೆಯುವಾಗ ಇದನ್ನು ನಂಬಬೇಡಿ.

ಸುರಕ್ಷತೆ: ಇಲ್ಲಿ ಸಡಿಲ ಬಿಡುವ ಹಾಗಿಲ್ಲ

ಮಕ್ಕಳಿಗೆ ಸ್ವಾತಂತ್ರ್ಯ ಕೊಡಿ ಅಂತ ಹೇಳಿದ ನಾನೇ ಈ ವಿಷಯದಲ್ಲಿ ತುಂಬ ಕಟ್ಟುನಿಟ್ಟು. ಯಾವ ದೊಡ್ಡವರೂ ಯಾವ ಮಗುವಿನ ಜೊತೆಯೂ ಒಂಟಿಯಾಗಿ ಇರಬಾರದು. ಯಾವಾಗಲೂ ಕನಿಷ್ಠ ಇಬ್ಬರು ದೊಡ್ಡವರು ಇರಬೇಕು. ಮಾತಾಡಬೇಕಾದರೆ ಎಲ್ಲರಿಗೂ ಕಾಣುವ ಜಾಗದಲ್ಲಿ ಮಾತಾಡಿ. ದೊಡ್ಡವರಿಗೆ ಬೇರೆ ಟೆಂಟ್, ಮಕ್ಕಳಿಗೆ ಬೇರೆ. "ನಾವೆಲ್ಲ ಪರಿಚಯದವರೇ ಅಲ್ವಾ" ಅಂತ ಯಾರಾದರೂ ಅಂದರೆ ಬೇಜಾರು ಮಾಡಿಕೊಳ್ಳದೆ ಇನ್ನೊಮ್ಮೆ ಹೇಳಿ. ಈ ನಿಯಮ ಮಕ್ಕಳನ್ನು ಕಾಯುತ್ತದೆ, ನಿಮ್ಮನ್ನೂ ಕಾಯುತ್ತದೆ. ನಿಮ್ಮ ಸ್ಕೌಟ್ ಸಂಸ್ಥೆಗೆ ಮಕ್ಕಳ ರಕ್ಷಣೆಯ ತರಬೇತಿ ಇದ್ದರೆ ಕ್ಯಾಂಪಿಗೆ ಬರುವ ಮೊದಲೇ ಮುಗಿಸಿ.

ಪ್ರತಿ ಮಗುವಿಗೆ ಒಂದು ಹಾಳೆ ಇರಲಿ. ಅಪ್ಪ ಅಮ್ಮನ ಒಪ್ಪಿಗೆ, ಎರಡು ಫೋನ್ ನಂಬರ್, ಯಾವುದಕ್ಕೆ ಅಲರ್ಜಿ, ಯಾವ ಔಷಧಿ ಎಷ್ಟು ಹೊತ್ತಿಗೆ, ಈಜು ಬರುತ್ತದೆಯಾ. ಇದನ್ನು ಕಾಗದದಲ್ಲೇ ಇಟ್ಟುಕೊಳ್ಳಿ. ಕಾಡಿನಲ್ಲಿ ಮೊಬೈಲಿನ ಚಾರ್ಜ್ ಮುಗಿದರೆ ಅದರೊಳಗಿನ ಪಟ್ಟಿ ಯಾರಿಗೂ ಸಿಗುವುದಿಲ್ಲ. ಹೊರಡುವಾಗ, ತಲುಪಿದಾಗ, ನೀರಿನ ಹತ್ತಿರ ಹೋಗುವ ಮುಂಚೆ, ಬಂದಮೇಲೆ ತಲೆ ಎಣಿಸಿ. ಎಣಿಸುವ ಕೆಲಸ ಒಬ್ಬರದೇ ಆಗಿರಲಿ. ಎಲ್ಲರೂ ಎಣಿಸಿದರೆ ಯಾರೂ ಎಣಿಸಿದಂತೆ ಆಗುವುದಿಲ್ಲ.

ಕ್ಯಾಂಪಿನಲ್ಲಿ

ಏನು ಅಡುಗೆ ಅಂತ ಪಟ್ರೋಲ್ ತೀರ್ಮಾನಿಸಲಿ. ಒಂದು ಸಲ ನಮ್ಮ ಒಂದು ಪಟ್ರೋಲ್ ಮೂರು ಹೊತ್ತಿಗೂ ಒಂದೇ ಅಡುಗೆ ಬರೆದುಕೊಂಡು ಬಂದಿತು. ಸಮಿತಿಯವರೆಲ್ಲ ತಿದ್ದಲು ಹೊರಟರು, ಸ್ಕೌಟ್ ಮಾಸ್ಟರ್ ಬೇಡ ಅಂದರು. ಎರಡನೇ ದಿನ ಸಂಜೆಗೆ ಮಕ್ಕಳಿಗೇ ಸಾಕಾಯಿತು. ಮುಂದಿನ ಕ್ಯಾಂಪಿನ ಪಟ್ಟಿ ಎಷ್ಟು ಚೆನ್ನಾಗಿತ್ತು ಅಂದರೆ ಉಳಿದ ಪಟ್ರೋಲುಗಳು ಅದನ್ನೇ ನಕಲು ಮಾಡಿದವು. ಅಲರ್ಜಿ ಇರುವ ಮಗುವಿಗೆ ಆಗದ್ದು ಪಟ್ಟಿಯಲ್ಲಿ ಇದೆಯಾ ಅಂತ ಮಾತ್ರ ನೀವು ನೋಡಿ.

ಬೆಂಕಿಯ ಪಕ್ಕ ಯಾವಾಗಲೂ ಒಂದು ಬಕೆಟ್ ನೀರು ಇರಲಿ. ಆರಿಸುವಾಗ ನೀರು ಹಾಕಿ, ಕೋಲಿನಿಂದ ಕೆದಕಿ, ಮತ್ತೆ ನೀರು ಹಾಕಿ. ಅಂಗೈ ಹಿಂಭಾಗವನ್ನು ಬೂದಿಯ ಹತ್ತಿರ ತಂದು ನೋಡಿ, ಬಿಸಿ ಇದ್ದರೆ ಇನ್ನೂ ಆರಿಲ್ಲ ಅಂತ ಅರ್ಥ. ಟೆಂಟಿನ ಒಳಗೆ ಒಲೆ ಹಚ್ಚಲು ಯಾವತ್ತೂ ಬಿಡಬೇಡಿ, ಮಳೆ ಬಂದರೂ ಸರಿ, ಚಳಿ ಆದರೂ ಸರಿ. ಬಟ್ಟೆಗೆ ಬೆಂಕಿ ಹತ್ತುವುದು ಒಂದು ಭಯ. ಅದಕ್ಕಿಂತ ದೊಡ್ಡದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ವಾಸನೆ ಇಲ್ಲ, ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಶೌಚಕ್ಕೆ ಗುಂಡಿ ತೋಡಬೇಕಾದರೆ ಹೊಳೆ, ಕೆರೆಯಿಂದ ಕನಿಷ್ಠ 60 ಮೀಟರ್ ದೂರ ಇರಲಿ. ಕೈ ತೊಳೆಯುವ ಜಾಗ ಅಡುಗೆಯ ಜಾಗಕ್ಕೆ ಹೋಗುವ ದಾರಿಯಲ್ಲೇ ಇರಲಿ. ದೂರ ಇಟ್ಟರೆ ಮಕ್ಕಳು ತೊಳೆಯುವುದಿಲ್ಲ.

ಟೆಂಟುಗಳನ್ನು ಕ್ಯಾಂಪಿನ ಹಿಂದಿನ ವಾರ ಒಮ್ಮೆ ಬಿಡಿಸಿ, ಗೂಟ ಎಣಿಸಿ. ವಾಪಸ್ ಬಂದ ತಕ್ಷಣ ಒಣಗಿಸಿ. ಒದ್ದೆ ಟೆಂಟನ್ನು ಸುತ್ತಿ ಇಟ್ಟರೆ ಕೆಲವೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ, ಆ ಕಲೆ ಹೋಗುವುದಿಲ್ಲ. ಯಾರ ಕಣ್ಣಿಗೂ ಬೀಳದ ಈ ಕೆಲಸ ಮಾಡುವ ಅಪ್ಪ ಅಮ್ಮಂದಿರ ಬಗ್ಗೆ ನನಗೆ ತುಂಬ ಗೌರವ.

ಹಣ ಕೂಡಿಸುವುದು

ಎಲ್ಲಕ್ಕಿಂತ ಜಾಸ್ತಿ ತಪ್ಪು ಆಗುವುದು ಇಲ್ಲೇ. ನಮ್ಮ ಮೊದಲ ಮಾರಾಟದ ದಿನ ಒಂದೇ ಡಬ್ಬ ಇಟ್ಟಿದ್ದೆವು. ಬಂದವರೆಲ್ಲ ಅದಕ್ಕೆ ಹಾಕಿದರು, ಚಿಲ್ಲರೆ ಅದರಿಂದಲೇ ಕೊಟ್ಟರು, ಮಧ್ಯೆ ಯಾರೋ ಹಗ್ಗ ತರಲು ಅದರಿಂದಲೇ ತೆಗೆದರು. ಸಂಜೆ ಎಣಿಸಿದರೆ ಮಾರಿದ ಸಾಮಾನಿಗೂ ಹಣಕ್ಕೂ ತಾಳೆ ಆಗಲಿಲ್ಲ. ಯಾರೂ ಕದ್ದಿರಲಿಲ್ಲ ಅಂತ ಇವತ್ತಿಗೂ ನಾನು ನಂಬುತ್ತೇನೆ. ಆದರೆ ಅನುಮಾನ ಹುಟ್ಟಿಬಿಟ್ಟಿತು. ಒಂದು ಕುಟುಂಬ ಟ್ರೂಪನ್ನೇ ಬಿಟ್ಟು ಹೋಯಿತು, ಅವರ ಮಗನೂ ಹೋದ. ನನಗೆ ಈಗಲೂ ಅದು ನೋವು.

ಈಗ ಹೀಗೆ ಮಾಡುತ್ತೇವೆ. ಬೆಳಿಗ್ಗೆ ಡಬ್ಬಕ್ಕೆ ಎಷ್ಟು ಚಿಲ್ಲರೆ ಹಾಕಿದೆವು ಅಂತ ಬರೆಯುತ್ತೇವೆ. ಡಬ್ಬದಿಂದ ಖರ್ಚಿಗೆ ತೆಗೆಯುವ ಹಾಗಿಲ್ಲ. ಖರ್ಚು ಮಾಡಿದವರು ಬಿಲ್ ಕೊಟ್ಟರೆ ಆಮೇಲೆ ಖಾತೆಯಿಂದ ಕೊಡುತ್ತೇವೆ. ಸಂಜೆ ಇಬ್ಬರು ಒಟ್ಟಿಗೆ ಕೂತು ಎಣಿಸುತ್ತಾರೆ. ಆ ಇಬ್ಬರು ಗಂಡ ಹೆಂಡತಿ ಆಗಿರಬಾರದು, ಸಂಬಂಧಿಕರೂ ಆಗಿರಬಾರದು. ಇಬ್ಬರೂ ಸಹಿ ಹಾಕುತ್ತಾರೆ. ಮಾರನೇ ದಿನವೇ ಹಣ ಟ್ರೂಪಿನ ಹೆಸರಿನ ಖಾತೆಗೆ ಹೋಗುತ್ತದೆ, ಅದರಿಂದ ತೆಗೆಯಲು ಎರಡು ಸಹಿ ಬೇಕು. ಒಬ್ಬರ ಸ್ವಂತ ಖಾತೆಗೆ ಟ್ರೂಪಿನ ಹಣ ಒಂದು ದಿನದ ಮಟ್ಟಿಗೂ ಹೋಗಬಾರದು. ತಿಂಗಳಿಗೊಮ್ಮೆ ಒಂದು ಪುಟದ ಲೆಕ್ಕ ಎಲ್ಲ ಪೋಷಕರಿಗೂ ಕೊಡುತ್ತೇನೆ, ಯಾರು ಕೇಳಲಿ ಬಿಡಲಿ.

ಏನು ಮಾರಬೇಕು ಅಂತ ಯೋಚಿಸುವ ಮೊದಲು ಎಷ್ಟು ಬೇಕು ಅಂತ ಲೆಕ್ಕ ಹಾಕಿ. ಜಾಗದ ಬಾಡಿಗೆ, ವಾಹನ, ಊಟ, ಔಷಧಿ ಪೆಟ್ಟಿಗೆ, ಹಾಳಾದ ಟೆಂಟಿನ ಬದಲಿಗೆ ಹೊಸದು, ಅದರ ಮೇಲೆ ನೂರಕ್ಕೆ ಹತ್ತರಷ್ಟು ಕೈಯಲ್ಲಿ ಇರಲಿ. ಮಕ್ಕಳ ಶುಲ್ಕದಿಂದ ಬರುವುದನ್ನು ಕಳೆದರೆ ಉಳಿದದ್ದು ನಿಮ್ಮ ಗುರಿ. ಆ ಅಂಕಿಯನ್ನು ಪಟ್ರೋಲ್ ಲೀಡರುಗಳ ಸಭೆಯ ಮುಂದೆ ಇಡಿ, ಅದನ್ನು ಕೋರ್ಟ್ ಆಫ್ ಆನರ್ ಅನ್ನುತ್ತಾರೆ. ಹೇಗೆ ಗಳಿಸುವುದು ಅಂತ ಅವರು ಹೇಳಲಿ. ನಮ್ಮ ಮಕ್ಕಳು ಒಂದು ವರ್ಷ ಸಸಿ ಬೆಳೆಸಿ ಮಾರಿದರು. ಇನ್ನೊಂದು ವರ್ಷ ಕ್ಯಾಂಪ್ ಫೈರಿನ ಹಾಡು, ಕಿರುನಾಟಕಗಳನ್ನೇ ಸೇರಿಸಿ ಟಿಕೆಟ್ ಇಟ್ಟು ಕಾರ್ಯಕ್ರಮ ಮಾಡಿದರು. ನಾವು ದೊಡ್ಡವರು ಕೂತು ಯೋಚಿಸಿದ ಯಾವ ಉಪಾಯವೂ ಅಷ್ಟು ಹಣ ತಂದಿರಲಿಲ್ಲ.

ಸ್ಕೌಟಿಂಗಿನಲ್ಲಿ ಹಣ ಗಳಿಸುವುದು ಹಳೆಯ ಪದ್ಧತಿ. 1917ರಲ್ಲಿ ಅಮೆರಿಕದ ಒಕ್ಲಹೋಮಾದ ಮಸ್ಕೋಗಿ ಅನ್ನುವ ಊರಿನಲ್ಲಿ ಗರ್ಲ್ ಸ್ಕೌಟ್ ಹುಡುಗಿಯರು ಬಿಸ್ಕತ್ತು ಬೇಯಿಸಿ ಶಾಲೆಯ ಕ್ಯಾಂಟೀನಿನಲ್ಲಿ ಮಾರಿದರು. ಬ್ರಿಟನ್ನಿನಲ್ಲಿ 1949ರಿಂದ ಹುಡುಗರು ಮನೆ ಮನೆಗೆ ಹೋಗಿ ಸಣ್ಣ ಕೆಲಸ ಮಾಡಿಕೊಟ್ಟು, ಒಂದೊಂದು ಕೆಲಸಕ್ಕೆ ಒಂದು ಶಿಲ್ಲಿಂಗ್ (ಅಲ್ಲಿನ ಹಳೆಯ ನಾಣ್ಯ) ಪಡೆಯುತ್ತಿದ್ದರು. ಎರಡರಲ್ಲೂ ದುಡಿದವರು ಮಕ್ಕಳು. ಅಪ್ಪ ತನ್ನ ಆಫೀಸಿನಲ್ಲಿ ಎಲ್ಲ ಟಿಕೆಟ್ ಮಾರಿ ಬಂದರೆ ಹಣ ಬರುತ್ತದೆ, ಮಗು ಮಾತ್ರ ಏನೂ ಕಲಿತಿರುವುದಿಲ್ಲ. ಹಾಗಂತ ಮಕ್ಕಳನ್ನು ಒಂಟಿಯಾಗಿ ಅಪರಿಚಿತರ ಬಾಗಿಲಿಗೆ ಕಳಿಸಬೇಡಿ. ಇಬ್ಬಿಬ್ಬರು ಹೋಗಲಿ, ಕಾಣುವಷ್ಟು ದೂರದಲ್ಲಿ ನೀವು ನಿಂತಿರಿ, ಮಾತು ಅವರೇ ಆಡಲಿ. ಏನಾದರೂ ಮಾರುವುದಿದ್ದರೆ ಮುಂಚೆಯೇ ಆರ್ಡರ್ ತೆಗೆದುಕೊಂಡು ಅಷ್ಟನ್ನೇ ತರಿಸಿ, ಉಳಿದ ಸಾಮಾನಿನ ನಷ್ಟ ಇರುವುದಿಲ್ಲ. ಸ್ಕೌಟ್ ಸಂಸ್ಥೆಯ ಅನುಮತಿ, ಸ್ಥಳೀಯ ಆಡಳಿತದ ಅನುಮತಿ ಬೇಕಾ ಅಂತ ಮೊದಲೇ ವಿಚಾರಿಸಿ.

ಯಾರು ಎಷ್ಟು ಮಾರಿದರು ಅಂತ ಗೋಡೆಗೆ ಪಟ್ಟಿ ಅಂಟಿಸಬೇಡಿ. ದೊಡ್ಡ ಬಳಗ ಇರುವ ಮಗು ಮೇಲೆ ಹೋಗುತ್ತದೆ, ಇಲ್ಲದ ಮಗು ತಲೆ ತಗ್ಗಿಸುತ್ತದೆ. ಬಂದ ಹಣ ಇಡೀ ಟ್ರೂಪಿನದು.

ಶುಲ್ಕ ಕಟ್ಟಲು ಆಗದ ಮನೆಗಳು ಎಲ್ಲ ಟ್ರೂಪಿನಲ್ಲೂ ಇರುತ್ತವೆ. ಬ್ರೌನ್‌ಸೀ ಕ್ಯಾಂಪಿನಲ್ಲೇ ಶುಲ್ಕ ಎರಡು ತರ ಇತ್ತು. ಶ್ರೀಮಂತರ ಶಾಲೆಗಳಿಂದ ಬಂದ ಹುಡುಗರಿಗೆ ಒಂದು ಪೌಂಡ್, ಉಳಿದವರಿಗೆ ಮೂರೂವರೆ ಶಿಲ್ಲಿಂಗ್. ಆಗ ಪೌಂಡಿಗೆ 20 ಶಿಲ್ಲಿಂಗ್, ಅಂದರೆ ಆರು ಪಾಲಿನಲ್ಲಿ ಒಂದು ಪಾಲಿಗಿಂತ ಸ್ವಲ್ಪವೇ ಜಾಸ್ತಿ. ಇದನ್ನು ತಿಳಿದಮೇಲೆ ನಾವೂ ಗಳಿಸಿದ್ದರಲ್ಲಿ ಒಂದು ಭಾಗ ತೆಗೆದಿಡುತ್ತಿದ್ದೇವೆ. ಪ್ರತಿ ಕ್ಯಾಂಪಿನ ಚೀಟಿಯ ಕೆಳಗೆ "ಶುಲ್ಕದ ಬಗ್ಗೆ ಮಾತಾಡಬೇಕಾದರೆ ನನಗೊಬ್ಬನಿಗೇ ಹೇಳಿ" ಅಂತ ಎಲ್ಲರಿಗೂ ಬರೆಯುತ್ತೇನೆ. ಕೇಳಿದವರು ಯಾರು ಅಂತ ನನಗೂ ಸ್ಕೌಟ್ ಮಾಸ್ಟರಿಗೂ ಮಾತ್ರ ಗೊತ್ತು. ಲೆಕ್ಕದ ಪುಟದಲ್ಲಿ ಮೊತ್ತ ಇರುತ್ತದೆ, ಹೆಸರು ಇರುವುದಿಲ್ಲ.

ಮುಂದಿನ ವರ್ಷ ಮಗಳು ಈ ಟ್ರೂಪಿನಿಂದ ಹೊರಗೆ ಹೋಗುತ್ತಾಳೆ, ಲೆಕ್ಕದ ಪುಸ್ತಕವೂ ಬೇರೆಯವರ ಕೈಗೆ ಹೋಗಬೇಕು. ಅದಕ್ಕೆ ಈ ವರ್ಷವೇ ಹೊಸ ಪೋಷಕರಿಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದೇನೆ. ಮೊದಲ ಮಾರಾಟದಲ್ಲಿ ನಾನು ಬರೆದೆ, ಅವರು ನೋಡಿದರು. ಎರಡನೆಯದರಲ್ಲಿ ಅವರು ಬರೆದರು. ಒಂದು ಕಡೆ ಮೊತ್ತ ತಪ್ಪಿತ್ತು. ಕೈ ಹಾಕದೆ ಕೂತಿದ್ದೆ. ಹತ್ತು ನಿಮಿಷದಲ್ಲಿ ಅವರೇ ಹುಡುಕಿ ಸರಿ ಮಾಡಿದರು.